ಸಾಕ್ಷ್ಯ ಮತ್ತು ಸಾಂತ್ವನ: ಎಲಿಜಬೆತ್ ಗ್ಯಾಸ್ಕೆಲ್‌ಳ ಸಾಮಾಜಿಕ ಕಾದಂಬರಿಗಳು

೧

ಇಂಗ್ಲಿಷ್ ಕಾದಂಬರಿಯ ಚರಿತ್ರೆಯಲ್ಲಿ ೧೮೪೦ರ ದಶಕಕ್ಕೆ ವಿಶಿಷ್ಟವಾದ ಸ್ಥಾನವಿದೆ. ಅಲ್ಲಿಯವರೆಗೆ ಬಹುಮಟ್ಟಿಗೆ ಜಮೀನುದಾರರ ಮನೆಗಳಲ್ಲಿಯೂ ಲಂಡನ್ ನಗರದ ಬೀದಿಗಳಲ್ಲಿಯೂ ಸಂಚರಿಸುತ್ತಿದ್ದ ಕಾದಂಬರಿಯು ಆ ದಶಕದಲ್ಲಿ ಉತ್ತರ ಇಂಗ್ಲೆಂಡಿನ ಗಿರಣಿ ಪಟ್ಟಣಗಳತ್ತ ಮುಖಮಾಡಿತು. ಹಸಿವು, ನಿರುದ್ಯೋಗ, ಮುಷ್ಕರ, ಮಾಲೀಕ ಮತ್ತು ಕಾರ್ಮಿಕರ ನಡುವಣ ದ್ವೇಷ ಇವೆಲ್ಲವೂ ಕಥಾವಸ್ತುವಾದವು. ಥಾಮಸ್ ಕಾರ್ಲೈಲ್ ೧೮೩೯ರಲ್ಲಿ ಎತ್ತಿದ 'ಇಂಗ್ಲೆಂಡಿನ ಸ್ಥಿತಿ' ಎಂಬ ಪ್ರಶ್ನೆಗೆ ಕಾದಂಬರಿಕಾರರು ತಮ್ಮದೇ ರೀತಿಯಲ್ಲಿ ಉತ್ತರಿಸತೊಡಗಿದರು. ಡಿಸ್ರೇಲಿಯ 'ಸಿಬಿಲ್' (೧೮೪೫), ಚಾರ್ಲ್ಸ್ ಕಿಂಗ್ಸ್‌ಲಿಯ 'ಆಲ್ಟನ್ ಲಾಕ್' (೧೮೫೦), ಡಿಕನ್ಸ್‌ನ 'ಹಾರ್ಡ್ ಟೈಮ್ಸ್' (೧೮೫೪) ಈ ಸಾಲಿನ ಪ್ರಮುಖ ಕೃತಿಗಳು. ಎಲಿಜಬೆತ್ ಗ್ಯಾಸ್ಕೆಲ್‌ಳ 'ಮೇರಿ ಬಾರ್ಟನ್' (೧೮೪೮) ಮತ್ತು 'ನಾರ್ತ್ ಅಂಡ್ ಸೌತ್' (೧೮೫೫) ಕೃತಿಗಳೂ ಇದೇ ಸಾಲಿಗೆ ಸೇರುತ್ತವೆ.

ಆದರೆ ಗ್ಯಾಸ್ಕೆಲ್‌ಳ ಸ್ಥಾನ ತುಸು ಭಿನ್ನವಾದುದು. ಡಿಸ್ರೇಲಿಯು ತನ್ನ ವಿವರಗಳಲ್ಲಿ ಅನೇಕವನ್ನು ಸರ್ಕಾರಿ ವರದಿಗಳಿಂದ ಪಡೆದನು. ಡಿಕನ್ಸ್ ೧೮೫೪ರ ಆರಂಭದಲ್ಲಿ ಮುಷ್ಕರನಿರತ ಪ್ರೆಸ್ಟನ್ ಪಟ್ಟಣವನ್ನು ನೋಡಿ ಬಂದದ್ದು ಕೆಲವೇ ದಿನಗಳ ಮಾತು. ಗ್ಯಾಸ್ಕೆಲ್‌ಳಾದರೋ ಮ್ಯಾಂಚೆಸ್ಟರಿನಲ್ಲಿ ಮೂವತ್ತಮೂರು ವರ್ಷ ಮನೆಮಾಡಿಕೊಂಡಿದ್ದಳು. ತಾನು ಬರೆದ ಜನರ ಬಾಗಿಲುಗಳನ್ನು ಆಕೆ ಬಲ್ಲಳು. ಹೀಗೆ ಕಣ್ಣಾರೆ ಕಂಡ ಸಂಕಟಕ್ಕೆ ಸಾಕ್ಷಿ ನುಡಿಯುವುದು ಆಕೆಯ ಬರವಣಿಗೆಯ ಮೊದಲ ಪ್ರೇರಣೆ. ಆ ಸಂಕಟಕ್ಕೆ ಸಾಂತ್ವನವನ್ನು, ಸಾಧ್ಯವಾದರೆ ಪರಿಹಾರವನ್ನು ಕಾಣಿಸುವುದು ಎರಡನೆಯದು. ಈ ಎರಡು ಪ್ರೇರಣೆಗಳು ಆಕೆಯ ಕಾದಂಬರಿಗಳಲ್ಲಿ ಎಲ್ಲಿಯೂ ಪೂರ್ಣವಾಗಿ ಹೊಂದಿಕೊಳ್ಳುವುದಿಲ್ಲ. ಕಂಡದ್ದು ದೊಡ್ಡದು, ಸೂಚಿಸಿದ ಪರಿಹಾರ ಚಿಕ್ಕದು. ಈ ಅಂತರವನ್ನು ವಿಮರ್ಶಕರು ಸಾಮಾನ್ಯವಾಗಿ ದೋಷವೆಂದು ಎಣಿಸಿದ್ದಾರೆ. ಆದರೆ ಅದನ್ನು ಮುಚ್ಚದೆ ಉಳಿಸಿಕೊಂಡದ್ದೇ ಆಕೆಯ ಕೃತಿಗಳು ಇಂದಿಗೂ ಓದಿಸಿಕೊಳ್ಳುವುದಕ್ಕೆ ಮುಖ್ಯ ಕಾರಣವೆಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

೨

ಎಲಿಜಬೆತ್ ಕ್ಲೆಗ್‌ಹಾರ್ನ್ ಸ್ಟೀವನ್‌ಸನ್ ಹುಟ್ಟಿದ್ದು ೧೮೧೦ರ ಸೆಪ್ಟೆಂಬರ್ ೨೯ರಂದು, ಲಂಡನ್ನಿನ ಚೆಲ್ಸಿಯಲ್ಲಿ. ಹುಟ್ಟಿ ಹದಿಮೂರು ತಿಂಗಳಿಗೆ ತಾಯಿ ತೀರಿಕೊಂಡುದರಿಂದ ಮಗು ಚೆಷೈರ್ ಪ್ರಾಂತದ ನಟ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ತಾಯಿಯ ಸೋದರಿಯ ಆಶ್ರಯದಲ್ಲಿ ಬೆಳೆಯಿತು. ಇದ್ದ ಒಬ್ಬನೇ ಅಣ್ಣ ಜಾನ್ ಹಡಗಿನ ಕೆಲಸಕ್ಕೆ ಸೇರಿ, ೧೮೨೮ರ ಹೊತ್ತಿಗೆ ಭಾರತದ ಕಡೆಗಿನ ಪಯಣದಲ್ಲಿ ಕಣ್ಮರೆಯಾದನು. ಆಕೆಯ ಕಥೆಗಳಲ್ಲಿ ಮತ್ತೆ ಮತ್ತೆ ಬರುವ, ದೂರದೇಶಕ್ಕೆ ಹೋದ ಸೋದರನ ಪಾತ್ರಕ್ಕೆ ಈ ನಷ್ಟದ ನೆರಳಿದೆ. 'ಕ್ರ್ಯಾನ್‌ಫರ್ಡ್' ಕಾದಂಬರಿಯಲ್ಲಿ ಅಂತಹ ಸೋದರನೊಬ್ಬನು ಭಾರತದಿಂದ ಹಿಂತಿರುಗಿ ಬರುತ್ತಾನೆ.

೧೮೩೨ರಲ್ಲಿ ಆಕೆ ವಿಲಿಯಂ ಗ್ಯಾಸ್ಕೆಲ್‌ನನ್ನು ಮದುವೆಯಾಗಿ ಮ್ಯಾಂಚೆಸ್ಟರಿಗೆ ಬಂದಳು. ಆತನು ಆ ನಗರದ ಕ್ರಾಸ್ ಸ್ಟ್ರೀಟ್ ಪ್ರಾರ್ಥನಾಮಂದಿರದ ಪಾದ್ರಿ. ಆ ದಂಪತಿಗಳು ಯೂನಿಟೇರಿಯನ್ ಪಂಥಕ್ಕೆ ಸೇರಿದವರು. ವಿಚಾರಶಕ್ತಿ, ಶಿಕ್ಷಣ ಮತ್ತು ಸಮಾಜಸೇವೆಗಳಿಗೆ ಹೆಚ್ಚಿನ ಮಹತ್ತ್ವವನ್ನು ಕೊಡುತ್ತಿದ್ದ ಈ ಪಂಥವು ಇಂಗ್ಲೆಂಡಿನ ಅಧಿಕೃತ ಚರ್ಚಿನ ಹೊರಗಿದ್ದಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕ್ರಾಸ್ ಸ್ಟ್ರೀಟ್ ಮಂದಿರಕ್ಕೆ ಬರುತ್ತಿದ್ದ ಭಕ್ತರಲ್ಲಿ ಗಿರಣಿಗಳ ಒಡೆಯರೂ ವ್ಯಾಪಾರಸ್ಥರೂ ಅನೇಕರಿದ್ದರು. ಪಾದ್ರಿಯ ಹೆಂಡತಿಯಾಗಿ ಬಡವರ ಬೀದಿಗಳಲ್ಲಿ ಓಡಾಡುತ್ತಿದ್ದ ಗ್ಯಾಸ್ಕೆಲ್‌ಗೆ ಊಟದ ಮೇಜಿನಲ್ಲಿ ಎದುರಾಗುತ್ತಿದ್ದವರು ಆ ಬಡವರಿಗೆ ಕೂಲಿ ಕೊಡುತ್ತಿದ್ದವರು. ಆಕೆ ಬರೆದದ್ದನ್ನು ಮೊದಲು ಓದುವವರೂ ಅವರೇ. ಆದ್ದರಿಂದ ಆಕೆಯ ಪ್ರತಿಯೊಂದು ವಾಕ್ಯಕ್ಕೂ ಒಂದು ಬೆಲೆಯಿದ್ದಿತು.

ಅಂದಿನ ಮ್ಯಾಂಚೆಸ್ಟರ್ ಹತ್ತಿಯ ಮಹಾನಗರ. ೧೮೫೧ರ ಹೊತ್ತಿಗೆ ಅದರ ಜನಸಂಖ್ಯೆ ಮೂರು ಲಕ್ಷವನ್ನು ದಾಟಿದ್ದಿತು. ಎಡ್ವಿನ್ ಚಾಡ್‌ವಿಕ್ ೧೮೪೨ರಲ್ಲಿ ಪ್ರಕಟಿಸಿದ ನೈರ್ಮಲ್ಯ ವರದಿಯ ಪ್ರಕಾರ ಆ ನಗರದಲ್ಲಿ ಸತ್ತವರ ಸರಾಸರಿ ವಯಸ್ಸು, ಉಚ್ಚವರ್ಗದ ಕುಟುಂಬಗಳಲ್ಲಿ ೩೮ ವರ್ಷ, ಕೂಲಿಗಾರರ ಕುಟುಂಬಗಳಲ್ಲಿ ೧೭ ವರ್ಷ. ಹಸುಗೂಸುಗಳ ಮರಣವೇ ಈ ಎರಡನೆಯ ಅಂಕಿಯನ್ನು ಅಷ್ಟು ಕೆಳಕ್ಕೆ ಎಳೆದಿದ್ದಿತು. ಫ್ರೆಡ್ರಿಕ್ ಏಂಗೆಲ್ಸ್ ಇದೇ ನಗರವನ್ನು ಕಂಡು ೧೮೪೫ರಲ್ಲಿ ಜರ್ಮನ್ ಭಾಷೆಯಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು. ಅದರ ಇಂಗ್ಲಿಷ್ ಅನುವಾದ ಹೊರಬಂದದ್ದು ೧೮೮೭ರಲ್ಲಿ, ಗ್ಯಾಸ್ಕೆಲ್ ತೀರಿಕೊಂಡ ಇಪ್ಪತ್ತೆರಡು ವರ್ಷಗಳ ತರುವಾಯ.

ಮಕ್ಕಳ ಸಾವು ಆಕೆಗೆ ಅಂಕಿಅಂಶವಷ್ಟೇ ಆಗಿರಲಿಲ್ಲ. ೧೮೪೫ರಲ್ಲಿ ಆಕೆಯ ಒಂಬತ್ತು ತಿಂಗಳ ಗಂಡುಮಗು ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡಿತು. ದುಃಖವನ್ನು ಮರೆಯಲು ಏನನ್ನಾದರೂ ಬರೆಯಬೇಕೆಂದು ಗಂಡನೇ ಸೂಚಿಸಿದನೆಂದು ತಿಳಿದುಬರುತ್ತದೆ. ಹಾಗೆ ಆರಂಭವಾದ ಬರವಣಿಗೆಯ ಫಲವೇ 'ಮೇರಿ ಬಾರ್ಟನ್'.

೩

'ಮೇರಿ ಬಾರ್ಟನ್' ಕಾದಂಬರಿಗೆ ಆಕೆ ಮೊದಲು ಇಡಬೇಕೆಂದಿದ್ದ ಹೆಸರು 'ಜಾನ್ ಬಾರ್ಟನ್'. ಈ ಜಾನ್ ಬಾರ್ಟನ್ ಒಬ್ಬ ನೇಯ್ಗೆ ಕಾರ್ಮಿಕ, ಕಾರ್ಮಿಕ ಸಂಘದ ನಿಷ್ಠಾವಂತ ಸದಸ್ಯ. ಗಿರಣಿ ಮುಚ್ಚಿ ಕೆಲಸವಿಲ್ಲದ ದಿನಗಳಲ್ಲಿ ಆತನ ಗಂಡುಮಗು ಜ್ವರಕ್ಕೆ ತುತ್ತಾಗುತ್ತದೆ. ಮಗುವಿಗೆ ಪುಷ್ಟಿಕರವಾದ ಆಹಾರ ಬೇಕೆಂದು ವೈದ್ಯನು ಹೇಳುತ್ತಾನೆ. ತಿನಿಸುಗಳಿಂದ ತುಂಬಿದ ಅಂಗಡಿಯ ಮುಂದೆ ಬರಿಗೈಯಲ್ಲಿ ನಿಂತ ಬಾರ್ಟನ್‌ನ ಕಣ್ಣೆದುರಿಗೇ, ಆತನನ್ನು ಕೆಲಸದಿಂದ ಬಿಡಿಸಿದ ಮಾಲೀಕನ ಹೆಂಡತಿ ಔತಣಕ್ಕಾಗಿ ಸಾಮಾನುಗಳನ್ನು ಕೊಂಡು ಗಾಡಿಯೇರಿ ಹೋಗುತ್ತಾಳೆ. ಆತನು ಮನೆಗೆ ಬರುವಷ್ಟರಲ್ಲಿ ಮಗು ಸತ್ತಿರುತ್ತದೆ. ಲೇಖಕಿಯು ತನ್ನ ಮಗುವನ್ನು ಕಿತ್ತುಕೊಂಡ ಜ್ವರವನ್ನೇ ಬಾರ್ಟನ್‌ನ ಮಗುವಿಗೂ ಕೊಟ್ಟಿದ್ದಾಳೆ. ದುಃಖ ಒಂದೇ. ಆದರೆ ಬಾರ್ಟನ್‌ನ ದುಃಖಕ್ಕೆ ಹಸಿವು ಸೇರಿದೆ, ಆ ಹಸಿವಿಗೆ ಹೊಣೆಗಾರರು ಇದ್ದಾರೆ. ತಾಯಿಯ ಶೋಕದಿಂದ ಸಮಾಜದ ಪ್ರಶ್ನೆಗೆ ಆಕೆ ದಾಟಿದ್ದು ಈ ಸ್ಥಳದಲ್ಲಿ.

ಕಾದಂಬರಿಯ ಆರನೆಯ ಅಧ್ಯಾಯ ಈ ದೃಷ್ಟಿಯಿಂದ ವಿಶೇಷವಾಗಿ ಪರಿಶೀಲನಾರ್ಹವಾಗಿದೆ. ಕಾರ್ಸನ್ ಎಂಬ ಮಾಲೀಕನ ಗಿರಣಿಗೆ ಬೆಂಕಿ ಬಿದ್ದಿದೆ. ಗಿರಣಿಗೆ ವಿಮೆ ಇದ್ದುದರಿಂದ ಮಾಲೀಕನಿಗೆ ಆತುರವಿಲ್ಲ, ಬಿಡುವು ದೊರೆತಿದೆ. ಅದೇ ಗಿರಣಿಯಲ್ಲಿ ದುಡಿಯುತ್ತಿದ್ದ ಡೆವನ್‌ಪೋರ್ಟ್ ಎಂಬಾತನು ಚರಂಡಿಯ ನೀರು ಜಿನುಗುವ ನೆಲಮಾಳಿಗೆಯಲ್ಲಿ ವಿಷಮಜ್ವರದಿಂದ ಮಲಗಿದ್ದಾನೆ. ಬಾರ್ಟನ್ ತನ್ನ ಒಳ್ಳೆಯ ಕೋಟನ್ನೂ ರೇಷ್ಮೆಯ ಕರವಸ್ತ್ರವನ್ನೂ ಒತ್ತೆಯಿಟ್ಟು ಐದು ಷಿಲಿಂಗ್ ತಂದು ಆ ಕುಟುಂಬಕ್ಕೆ ಆಹಾರ, ಉರುವಲು ಒದಗಿಸುತ್ತಾನೆ. ಆತನ ಗೆಳೆಯ ವಿಲ್ಸನ್ ಆಸ್ಪತ್ರೆಯ ಶಿಫಾರಸು ಚೀಟಿಗಾಗಿ ಕಾರ್ಸನ್‌ನ ಮನೆಗೆ ಹೋಗುತ್ತಾನೆ. ಮೂರು ವರ್ಷ ತನ್ನಲ್ಲಿ ದುಡಿದವನ ಹೆಸರೂ ಮಾಲೀಕನಿಗೆ ತಿಳಿಯದು. ಒಳರೋಗಿಯಾಗಿ ಸೇರಿಸುವ ಚೀಟಿಯ ಬದಲು ಹೊರರೋಗಿಯ ಚೀಟಿ ದೊರೆಯುತ್ತದೆ. ಮಾಲೀಕನ ಮಗ ಹ್ಯಾರಿ ಐದು ಷಿಲಿಂಗ್ ಕೊಡುತ್ತಾನೆ. ಬಾರ್ಟನ್ ಒತ್ತೆಯಿಟ್ಟು ತಂದದ್ದೂ ಐದು ಷಿಲಿಂಗ್, ಹ್ಯಾರಿ ಕಿಸೆಯಿಂದ ತೆಗೆದುಕೊಟ್ಟದ್ದೂ ಐದು ಷಿಲಿಂಗ್. ಲೇಖಕಿ ಇಲ್ಲಿ ಟೀಕೆಯ ಮಾತನ್ನು ಸೇರಿಸುವುದಿಲ್ಲ. ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಸುಮ್ಮನಾಗುತ್ತಾಳೆ.

೧೮೩೯ರಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಸಹಿಗಳುಳ್ಳ ಚಾರ್ಟಿಸ್ಟ್ ಮನವಿಯನ್ನು ಪಾರ್ಲಿಮೆಂಟು ತಿರಸ್ಕರಿಸಿತು. ಆ ಮನವಿಯನ್ನು ಲಂಡನ್ನಿಗೆ ಒಯ್ದ ಪ್ರತಿನಿಧಿಗಳಲ್ಲಿ ಬಾರ್ಟನ್‌ನನ್ನೂ ಕಾದಂಬರಿ ಸೇರಿಸುತ್ತದೆ. ಅಹವಾಲನ್ನು ಕೇಳುವವರೇ ಇಲ್ಲವೆಂಬ ಅರಿವಿನೊಡನೆ ಆತನು ಹಿಂತಿರುಗುತ್ತಾನೆ. ಮುಂದೆ ಕೂಲಿಯ ಮಾತುಕತೆಗೆ ಬಂದ ಕಾರ್ಮಿಕ ಪ್ರತಿನಿಧಿಗಳ ಹರಕು ಬಟ್ಟೆಯನ್ನು, ಬಡಕಲು ದೇಹವನ್ನು ಕಂಡು ಹ್ಯಾರಿ ಕಾರ್ಸನ್ ಒಂದು ವ್ಯಂಗ್ಯಚಿತ್ರ ಬರೆದು ಎಸೆಯುತ್ತಾನೆ. ಅದು ಕಾರ್ಮಿಕರ ಕೈಗೆ ಸಿಕ್ಕುತ್ತದೆ. ಯಾರು ಕೊಲ್ಲಬೇಕೆಂದು ನಿರ್ಧರಿಸಲು ಆ ರಾತ್ರಿ ಅವರು ಎತ್ತಿದ ಚೀಟಿಗಳು ಅದೇ ಕಾಗದವನ್ನು ಹರಿದು ಮಾಡಿದವು. ಅವಮಾನವು ಹಿಂಸೆಯಾಗಿ ಮಾರ್ಪಡುವ ಕ್ರಮವನ್ನು ಇದಕ್ಕಿಂತ ಸಂಕ್ಷಿಪ್ತವಾಗಿ ಹೇಳುವುದು ಕಷ್ಟ. ಗುರುತಿನ ಚೀಟಿ ಬಾರ್ಟನ್‌ನ ಪಾಲಿಗೆ ಬರುತ್ತದೆ. ಆತನು ಹ್ಯಾರಿಯನ್ನು ಕೊಲ್ಲುತ್ತಾನೆ.

ಇಲ್ಲಿಂದ ಮುಂದೆ ಕಾದಂಬರಿಯ ದಿಕ್ಕು ಬದಲಾಗುತ್ತದೆ. ಕೊಲೆಯ ಆರೋಪವು ಮಗಳು ಮೇರಿಯ ಪ್ರಿಯಕರನಾದ ಜೆಮ್‌ನ ಮೇಲೆ ಬೀಳುವುದು, ಲಿವರ್‌ಪೂಲಿನ ವಿಚಾರಣೆ, ಹಡಗನ್ನೇರಿ ಹೊರಟಿದ್ದ ಸಾಕ್ಷಿಯನ್ನು ಮೇರಿ ದೋಣಿಯಲ್ಲಿ ಬೆನ್ನಟ್ಟುವುದು, ಇವು ಕುತೂಹಲಕರವಾದರೂ ಮೊದಲ ಭಾಗದ ಸಾಂದ್ರತೆಯಿಂದ ದೂರವಾದವು. ಕೊನೆಗೆ ಮಗನನ್ನು ಕಳೆದುಕೊಂಡ ಮಾಲೀಕನು ಕೊಲೆಗಾರನನ್ನು ಕ್ಷಮಿಸುತ್ತಾನೆ, ಬಾರ್ಟನ್ ಆತನ ತೋಳಿನಲ್ಲಿಯೇ ಪ್ರಾಣಬಿಡುತ್ತಾನೆ. ಮೇರಿ ಮತ್ತು ಜೆಮ್ ಕೆನಡಾಕ್ಕೆ ಹೊರಟುಹೋಗುತ್ತಾರೆ. ರೇಮಂಡ್ ವಿಲಿಯಮ್ಸ್ ೧೯೫೮ರ ತನ್ನ ಗ್ರಂಥದಲ್ಲಿ, ಈ ಕೊಲೆಯ ಪ್ರಸಂಗವು ಮಧ್ಯಮವರ್ಗದ ಭೀತಿಯನ್ನು ಪ್ರತಿನಿಧಿಸುತ್ತದೆಯೆಂದೂ ಅದರೊಡನೆ ಬಾರ್ಟನ್‌ನ ಬಗೆಗಿನ ಲೇಖಕಿಯ ತಾದಾತ್ಮ್ಯ ಮುರಿದುಬೀಳುತ್ತದೆಯೆಂದೂ ವಾದಿಸಿದನು. ಈ ವಾದದಲ್ಲಿ ಸತ್ಯಾಂಶವಿದೆ. ವಲಸೆಯು ಇಬ್ಬರು ವ್ಯಕ್ತಿಗಳಿಗೆ ದೊರೆತ ಬಿಡುಗಡೆಯೇ ಹೊರತು ಮ್ಯಾಂಚೆಸ್ಟರಿಗೆ ದೊರೆತ ಉತ್ತರವಲ್ಲ. ಆದರೆ ಕ್ಷಮೆಯ ದೃಶ್ಯವನ್ನು ಓದಿ ಮುಗಿಸಿದ ಮೇಲೂ ಆ ನೆಲಮಾಳಿಗೆ ಓದುಗರ ಮನಸ್ಸಿನಿಂದ ಅಳಿಯುವುದಿಲ್ಲ. ಅದನ್ನು ಅಳಿಸುವ ಯತ್ನವನ್ನು ಲೇಖಕಿಯೂ ಮಾಡಿಲ್ಲ.

೪

ಸಾಕ್ಷ್ಯ ನಂಬಿಕೆಗೆ ಅರ್ಹವಾಗಬೇಕಾದರೆ ಅದು ಸಂಬಂಧಪಟ್ಟವರ ನುಡಿಯಲ್ಲಿರಬೇಕು. ಗ್ಯಾಸ್ಕೆಲ್‌ಳ ಕಾರ್ಮಿಕರು ಲ್ಯಾಂಕಾಷೈರ್ ಪ್ರಾಂತದ ಉಪಭಾಷೆಯಲ್ಲಿ ಮಾತನಾಡುತ್ತಾರೆ. ಕೆಳವರ್ಗದವರ ಆಡುಮಾತನ್ನು ಹಾಸ್ಯಕ್ಕಾಗಿ ಬಳಸುವ ರೂಢಿ ಅಂದಿನ ಕಾದಂಬರಿಯಲ್ಲಿ ಸಾಮಾನ್ಯವಾಗಿದ್ದಿತು. 'ಮೇರಿ ಬಾರ್ಟನ್' ಕೃತಿಯಲ್ಲಿ ಅದು ಶೋಕಕ್ಕೂ ಕ್ರೋಧಕ್ಕೂ ವಾದಕ್ಕೂ ಒದಗುವ ಪೂರ್ಣ ಭಾಷೆಯಾಗಿದೆ. ವಿಲಿಯಂ ಗ್ಯಾಸ್ಕೆಲ್ ಅದರ ಶಬ್ದಗಳಿಗೆ ಅಡಿಟಿಪ್ಪಣಿಗಳನ್ನು ಒದಗಿಸಿ, ಅವು ಹಳೆಯ ಇಂಗ್ಲಿಷ್ ಕವಿಗಳಲ್ಲಿಯೂ ಬಳಕೆಯಾಗಿರುವುದನ್ನು ತೋರಿಸಿದನು. ಹಸಿವಿನಿಂದ ಸೊರಗುವುದಕ್ಕೆ ಆ ನಾಡಿನವರು ಬಳಸುತ್ತಿದ್ದ 'ಕ್ಲೆಮ್' ಎಂಬ ಶಬ್ದ ಅಂತಹವುಗಳಲ್ಲಿ ಒಂದು. ೧೮೫೪ರ ಐದನೆಯ ಆವೃತ್ತಿಗೆ ಲ್ಯಾಂಕಾಷೈರ್ ಉಪಭಾಷೆಯನ್ನು ಕುರಿತ ಆತನ ಎರಡು ಉಪನ್ಯಾಸಗಳನ್ನೇ ಸೇರಿಸಲಾಯಿತು. ಗಿರಣಿ ಕಾರ್ಮಿಕನ ಮಾತು ಕೆಟ್ಟ ಇಂಗ್ಲಿಷ್ ಅಲ್ಲ, ಹಳೆಯ ಇಂಗ್ಲಿಷ್ ಎಂಬುದು ಈ ಟಿಪ್ಪಣಿಗಳ ತಾತ್ಪರ್ಯ. ಭಾಷೆಗೆ ಗೌರವ ದೊರೆತಲ್ಲಿ ಆಡುವವನಿಗೂ ದೊರೆಯುತ್ತದೆ.

'ನಾರ್ತ್ ಅಂಡ್ ಸೌತ್' ಕಾದಂಬರಿಯಲ್ಲಿ ಈ ವಿಚಾರ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ದಕ್ಷಿಣದ ಹಳ್ಳಿಯಿಂದ ಗಿರಣಿ ಪಟ್ಟಣಕ್ಕೆ ಬಂದ ಪಾದ್ರಿಯ ಮಗಳು ಮಾರ್ಗರೆಟ್ ಹೇಲ್ ಕ್ರಮೇಣ ಅಲ್ಲಿನ ಕಾರ್ಮಿಕರ ಶಬ್ದಗಳನ್ನು ಬಳಸತೊಡಗುತ್ತಾಳೆ. ತಾಯಿಯು ಆಕ್ಷೇಪಿಸಿದಾಗ, ಗಿರಣಿಯ ಊರಿನಲ್ಲಿ ಬಾಳುವವಳು ಬೇಕಾದಾಗ ಗಿರಣಿಯ ಭಾಷೆಯನ್ನೂ ಆಡಬೇಕಾಗುತ್ತದೆಂಬ ಅರ್ಥದ ಉತ್ತರ ಕೊಡುತ್ತಾಳೆ.

೫

೧೮೫೩ರಲ್ಲಿ ಪ್ರಕಟವಾದ 'ರೂತ್' ಕಾದಂಬರಿಯ ವಸ್ತು ಬೇರೆಯಾದರೂ ಅದರ ಹಿಂದಿನ ಪ್ರೇರಣೆ ಇದೇ. ೧೮೪೯ರ ಸುಮಾರಿಗೆ ಮ್ಯಾಂಚೆಸ್ಟರಿನ ಸೆರೆಮನೆಯಲ್ಲಿ ಗ್ಯಾಸ್ಕೆಲ್ ಒಬ್ಬ ತರುಣಿಯನ್ನು ಕಂಡಳು. ಅನಾಥೆಯಾದ ಆಕೆ ಹೊಲಿಗೆಯ ಕೆಲಸ ಕಲಿಯುತ್ತಿದ್ದಾಗ ವಂಚನೆಗೆ ಒಳಗಾಗಿ ಬೀದಿಪಾಲಾದವಳು. ಗ್ಯಾಸ್ಕೆಲ್ ೧೮೫೦ರ ಜನವರಿಯಲ್ಲಿ ಡಿಕನ್ಸ್‌ಗೆ ಪತ್ರ ಬರೆದು ಸಲಹೆ ಕೋರಿದಳು. ಕೊನೆಗೆ ಆ ತರುಣಿ ದಕ್ಷಿಣ ಆಫ್ರಿಕದ ಕೇಪ್ ವಸಾಹತಿಗೆ ಹೋಗಿ ಹೊಸ ಬದುಕನ್ನು ಆರಂಭಿಸಲು ಏರ್ಪಾಡಾಯಿತು.

ಕಾದಂಬರಿಯ ರೂತ್‌ಳೂ ಅನಾಥೆ, ಹೊಲಿಗೆಯ ಕೆಲಸದವಳು. ಶ್ರೀಮಂತ ಯುವಕನೊಬ್ಬನಿಂದ ಪರಿತ್ಯಕ್ತಳಾದ ಆಕೆಯನ್ನು ಬೆನ್ಸನ್ ಎಂಬ ಪಾದ್ರಿಯೂ ಆತನ ಅಕ್ಕನೂ ಮನೆಗೆ ಕರೆತಂದು, ವಿಧವೆಯೆಂದು ಊರಿಗೆ ಪರಿಚಯಿಸಿ ಕಾಪಾಡುತ್ತಾರೆ. ಸತ್ಯ ಬಯಲಾದ ಮೇಲೆ, ಆಕೆಯನ್ನು ಮಕ್ಕಳ ಉಪಾಧ್ಯಾಯಿನಿಯಾಗಿ ಇಟ್ಟುಕೊಂಡಿದ್ದ ಗಣ್ಯ ಗೃಹಸ್ಥನೇ ಹೊರದಬ್ಬುತ್ತಾನೆ. ಹೆಣ್ಣಿಗೆ ಮಾತ್ರ ಶಿಕ್ಷೆ, ಗಂಡಿಗೆ ಇಲ್ಲವೇಕೆ ಎಂಬ ಪ್ರಶ್ನೆಯನ್ನು ಕೃತಿಯು ನೇರವಾಗಿ ಎತ್ತುತ್ತದೆ. ಅದಕ್ಕೆ ಲೇಖಕಿ ತೆತ್ತ ಬೆಲೆಯೂ ದೊಡ್ಡದು. ತಮ್ಮ ಮಂದಿರಕ್ಕೆ ಬರುತ್ತಿದ್ದ ಇಬ್ಬರು ಗೃಹಸ್ಥರು ಪುಸ್ತಕವನ್ನು ಸುಟ್ಟುಹಾಕಿದ ಸಂಗತಿ ಆಕೆಯ ಪತ್ರದಲ್ಲಿ ದಾಖಲಾಗಿದೆ.

ಇಷ್ಟು ಧೈರ್ಯದಿಂದ ಬರೆದವಳೂ ಕೊನೆಯಲ್ಲಿ ರೂತ್‌ಳನ್ನು ಬದುಕಿಸಲಿಲ್ಲ. ವಿಷಮಜ್ವರದ ರೋಗಿಗಳ ಶುಶ್ರೂಷೆಯಲ್ಲಿ ತೊಡಗಿ, ತನ್ನನ್ನು ವಂಚಿಸಿದವನನ್ನೂ ಉಪಚರಿಸಿ ಆಕೆ ಸಾಯುತ್ತಾಳೆ. ರೂತ್ ಸಾಯಲೇಬೇಕಾಗಿತ್ತೆ ಎಂದು ಷಾರ್ಲಟ್ ಬ್ರಾಂಟೆ, ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಇಬ್ಬರೂ ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದುದೇ. ನಿಜವಾದ ತರುಣಿಗೆ ಗ್ಯಾಸ್ಕೆಲ್ ಬದುಕನ್ನು ಕೊಡಿಸಿದಳು, ಕಾದಂಬರಿಯ ನಾಯಕಿಗೆ ಕೊಡಲಾರದೆ ಹೋದಳು. ಓದುಗರ ಅನುಕಂಪವನ್ನು ಗೆಲ್ಲಲು ಸಾವು ಬೇಕಾಯಿತೆಂಬುದು ಅಂದಿನ ಸಮಾಜದ ಮೇಲಿನ ಟೀಕೆಯೂ ಆಗುತ್ತದೆ, ಕಾದಂಬರಿಯ ಮಿತಿಯೂ ಆಗುತ್ತದೆ.

೬

'ಮೇರಿ ಬಾರ್ಟನ್' ಮಾಲೀಕರಿಗೆ ಅನ್ಯಾಯ ಮಾಡಿದೆಯೆಂಬ ಟೀಕೆ ಪ್ರಬಲವಾಗಿದ್ದಿತು. ಗಿರಣಿ ಮಾಲೀಕನೂ ಆಗಿದ್ದ ಡಬ್ಲ್ಯು. ಆರ್. ಗ್ರೆಗ್ ೧೮೪೯ರಲ್ಲಿ 'ಎಡಿನ್‌ಬರೋ ರಿವ್ಯೂ' ಪತ್ರಿಕೆಯಲ್ಲಿ ಈ ಆಕ್ಷೇಪವನ್ನು ವಿಸ್ತಾರವಾಗಿ ಮಂಡಿಸಿದನು. 'ನಾರ್ತ್ ಅಂಡ್ ಸೌತ್' ಒಂದು ದೃಷ್ಟಿಯಿಂದ ಅದಕ್ಕೆ ಕೊಟ್ಟ ಉತ್ತರ. ಡಿಕನ್ಸ್‌ನ ವಾರಪತ್ರಿಕೆ 'ಹೌಸ್‌ಹೋಲ್ಡ್ ವರ್ಡ್ಸ್'ನಲ್ಲಿ ೧೮೫೪ರ ಸೆಪ್ಟೆಂಬರಿನಿಂದ ೧೮೫೫ರ ಜನವರಿಯವರೆಗೆ ಅದು ಧಾರಾವಾಹಿಯಾಗಿ ಬಂದಿತು. ೧೮೫೩-೫೪ರ ಪ್ರೆಸ್ಟನ್ ಮುಷ್ಕರದ ನೆನಪು ಆಗ ಹಸಿಯಾಗಿದ್ದಿತು. ಇಲ್ಲಿನ ಮಾಲೀಕ ಥಾರ್ನ್‌ಟನ್ ಬಡತನದಿಂದ ಮೇಲೆ ಬಂದವನು, ಹಟಮಾರಿ, ಪ್ರಾಮಾಣಿಕ. ಆತನಿಗೆ ಎದುರಾಗಿ ಕಾರ್ಮಿಕ ಸಂಘದ ಹಿಗ್ಗಿನ್ಸ್ ಇದ್ದಾನೆ. ಅವನೂ ಅಷ್ಟೇ ಹಟಮಾರಿ, ಅಷ್ಟೇ ಪ್ರಾಮಾಣಿಕ. ಸಂಘದ ಶಿಸ್ತಿಗೂ ಮಕ್ಕಳ ಹಸಿವಿಗೂ ನಡುವೆ ಸಿಕ್ಕಿ ನಾಶವಾಗುವ ಬೌಚರ್ ಎಂಬ ದುರ್ಬಲ ಕಾರ್ಮಿಕನ ಪಾತ್ರದ ಮೂಲಕ, ಸಂಘದ ಕಠೋರತೆಯನ್ನೂ ಲೇಖಕಿ ಮರೆಮಾಚದೆ ತೋರಿಸಿದ್ದಾಳೆ.

ಆದರೆ ಈ ಕೃತಿಯ ಅತ್ಯಂತ ತೀಕ್ಷ್ಣವಾದ ಸಾಕ್ಷ್ಯ ದೊರೆಯುವುದು ಹಿಗ್ಗಿನ್ಸ್‌ನ ಮಗಳು ಬೆಸ್ಸಿಯ ಬಾಯಲ್ಲಿ. ಹತ್ತಿ ಹಿಂಜುವ ಕೋಣೆಯಲ್ಲಿ ದುಡಿದು, ಗಾಳಿಯಲ್ಲಿ ಹಾರುವ ಹತ್ತಿಯ ಧೂಳು ಎದೆಯಲ್ಲಿ ತುಂಬಿ ಆಕೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಾಯುತ್ತಿದ್ದಾಳೆ. ಇಂದಿನ ವೈದ್ಯಶಾಸ್ತ್ರ ಇಂತಹ ರೋಗವನ್ನು ಬಿಸಿನೋಸಿಸ್ ಎಂದು ಗುರುತಿಸುತ್ತದೆ. ಧೂಳನ್ನು ಹೊರಗೆ ಸೆಳೆಯುವ ದೊಡ್ಡ ಚಕ್ರವೊಂದನ್ನು ಕೆಲವರು ಹಾಕಿಸುತ್ತಾರೆಂದೂ, ಅದಕ್ಕೆ ಐದಾರು ನೂರು ಪೌಂಡ್ ಬೀಳುವುದರಿಂದ, ಅದರಿಂದ ಲಾಭವೇನೂ ಬಾರದಿರುವುದರಿಂದ, ಹಾಕಿಸುವ ಮಾಲೀಕರು ವಿರಳವೆಂದೂ ಬೆಸ್ಸಿ ವಿವರಿಸುತ್ತಾಳೆ. ಮುಂದುವರಿದು ಆಕೆ ಹೇಳುವ ಮಾತು ಇನ್ನೂ ಭೀಕರವಾಗಿದೆ. ಚಕ್ರವಿರುವ ಕಡೆ ದುಡಿಯಲು ಕೆಲವು ಕಾರ್ಮಿಕರೇ ಒಪ್ಪುತ್ತಿರಲಿಲ್ಲವಂತೆ. ಬಹುಕಾಲ ಧೂಳನ್ನು ನುಂಗಿ ಅಭ್ಯಾಸವಾದವರಿಗೆ ಅದಿಲ್ಲದಿದ್ದರೆ ಹಸಿವು ಹೆಚ್ಚಾಗುತ್ತದೆ, ಅದಕ್ಕಾಗಿ ಕೂಲಿಯನ್ನೂ ಹೆಚ್ಚಿಸಬೇಕೆಂಬುದು ಅವರ ವಾದ. ಮಾಲೀಕನ ಲೆಕ್ಕಾಚಾರವೂ ಕಾರ್ಮಿಕನ ಹಸಿವೂ ಸೇರಿ ಒಬ್ಬ ಹುಡುಗಿಯ ಉಸಿರನ್ನು ಹೇಗೆ ನಿಲ್ಲಿಸುತ್ತವೆಂಬುದು ಈ ಪುಟ್ಟ ಸಂಭಾಷಣೆಯಲ್ಲಿ ಸ್ಪಷ್ಟವಾಗುತ್ತದೆ. ದುಷ್ಟನೊಬ್ಬನನ್ನು ಹುಡುಕಿ ದೂಷಿಸುವ ಸಾಮಾಜಿಕ ಕಾದಂಬರಿಗೆ ಈ ಒಳನೋಟ ದಕ್ಕುವುದಿಲ್ಲ.

ಪರಿಹಾರದ ವಿಷಯದಲ್ಲಿಯೂ ಈ ಕೃತಿ ಹಿಂದಿನದಕ್ಕಿಂತ ಪ್ರೌಢವಾಗಿದೆ. ಮರಣಶಯ್ಯೆಯ ಕ್ಷಮೆಯ ಬದಲಿಗೆ ಇಲ್ಲಿ ಒಂದು ಸಾಮಾನ್ಯ ಅಡುಗೆಮನೆಯಿದೆ. ಸಾಮಾನನ್ನು ಸಗಟಾಗಿ ಕೊಂಡು ಗಿರಣಿಯಲ್ಲಿಯೇ ಊಟ ಸಿದ್ಧಪಡಿಸುವ ಯೋಜನೆಯನ್ನು ಥಾರ್ನ್‌ಟನ್ ಮುಂದಿಟ್ಟಾಗ ಕಾರ್ಮಿಕರು ಒಪ್ಪುವುದಿಲ್ಲ. ಕೆಲಕಾಲದ ನಂತರ ಹಿಗ್ಗಿನ್ಸ್ ಬಹುಮಟ್ಟಿಗೆ ಅದೇ ಯೋಜನೆಯನ್ನು ತನ್ನದೆಂಬಂತೆ ತಂದಾಗ ಥಾರ್ನ್‌ಟನ್ ಸುಮ್ಮನೆ ಒಪ್ಪಿಕೊಳ್ಳುತ್ತಾನೆ. ದಾನವಾಗಿ ಬಂದುದನ್ನು ನಿರಾಕರಿಸುವ ಸ್ವಾಭಿಮಾನವನ್ನು ಲೇಖಕಿ ಗುರುತಿಸಿದ ರೀತಿ ಇದು. ಕೊನೆಯ ಭಾಗದಲ್ಲಿ ಥಾರ್ನ್‌ಟನ್ ದಿವಾಳಿಯ ಅಂಚಿಗೆ ಬರುತ್ತಾನೆ. ಇಂತಹ ಪ್ರಯೋಗಗಳಿಂದ ಮುಷ್ಕರಗಳು ನಿಲ್ಲುತ್ತವೆಯೇ ಎಂಬ ಪ್ರಶ್ನೆ ಬಂದಾಗ, ಮುಷ್ಕರಗಳಲ್ಲಿರುವ ದ್ವೇಷದ ಕಹಿ ಕಡಿಮೆಯಾದರೆ ಅದೇ ತನ್ನ ಗರಿಷ್ಠ ನಿರೀಕ್ಷೆಯೆಂದು ಆತನು ಹೇಳುತ್ತಾನೆ. ತಾನು ಸೂಚಿಸುತ್ತಿರುವ ಪರಿಹಾರದ ಅಳತೆ ಎಷ್ಟೆಂಬುದು ಲೇಖಕಿಗೆ ತಿಳಿದಿದ್ದಿತೆನ್ನಲು ಈ ಮಾತಿಗಿಂತ ಬೇರೆ ಆಧಾರ ಬೇಕಿಲ್ಲ.

೭

ಗ್ಯಾಸ್ಕೆಲ್‌ಳ ಸಾಕ್ಷ್ಯಕ್ಕೂ ಒಂದು ಗಡಿಯಿದ್ದಿತು. ಹತ್ತಿಯು ಗಿರಣಿಯ ಬಾಗಿಲಿಗೆ ಬಂದ ಮೇಲಿನ ಕಥೆಯನ್ನು ಆಕೆಯ ಎರಡು ಗಿರಣಿ ಕಾದಂಬರಿಗಳು ಹೇಳುತ್ತವೆ. ಅದು ಬೆಳೆದ ನೆಲದ ಕಡೆಗೆ ಅವುಗಳ ದೃಷ್ಟಿ ಹೆಚ್ಚಾಗಿ ಹೊರಳುವುದಿಲ್ಲ. ಮ್ಯಾಂಚೆಸ್ಟರಿನ ಹತ್ತಿಯಲ್ಲಿ ಬಹುಪಾಲು ಅಮೆರಿಕದ ದಕ್ಷಿಣ ರಾಜ್ಯಗಳ ಗುಲಾಮರ ದುಡಿಮೆಯಿಂದ ಬರುತ್ತಿದ್ದಿತು. ೧೮೬೧ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಹತ್ತಿಯ ಬರ ಬಂದಾಗ ಲ್ಯಾಂಕಾಷೈರಿನ ಗಿರಣಿಗಳು ನಿಂತವು. ಗ್ಯಾಸ್ಕೆಲ್ ಮತ್ತು ಆಕೆಯ ಹೆಣ್ಣುಮಕ್ಕಳು ಪರಿಹಾರಕಾರ್ಯದಲ್ಲಿ ದಣಿಯುವವರೆಗೆ ದುಡಿದರು.

ಇದೇ ಹತ್ತಿಯ ಕಥೆ ಕನ್ನಡನಾಡಿನ ಒಂದು ಭಾಗವನ್ನೂ ಮುಟ್ಟುತ್ತದೆ. ೧೮೪೦ರ ದಶಕದಲ್ಲಿ ಅಮೆರಿಕದ ಬೀಜದಿಂದ ಧಾರವಾಡ ಸೀಮೆಯಲ್ಲಿ ಬೆಳೆಸಿದ ಹತ್ತಿ 'ಧಾರವಾರ್-ಅಮೆರಿಕನ್' ಎಂಬ ಹೆಸರಿನಿಂದ ಇಂಗ್ಲೆಂಡಿನ ಪೇಟೆಯಲ್ಲಿ ಪರಿಚಿತವಾಗಿದ್ದಿತು. ೧೮೬೦ರಲ್ಲಿ ಸ್ಥಾಪಿತವಾದ ಮ್ಯಾಂಚೆಸ್ಟರ್ ಕಾಟನ್ ಕಂಪನಿಯು ಈ ಹತ್ತಿಯನ್ನು ಕಾರವಾರದ ಬಳಿಯ ಸದಾಶಿವಗಡದಿಂದ ಸಾಗಿಸುವ ಯೋಜನೆ ಹಾಕಿಕೊಂಡಿದ್ದಿತು. ಗ್ಯಾಸ್ಕೆಲ್ ಗಂಜಿ ಹಂಚುತ್ತಿದ್ದ ಬೀದಿಗಳಿಗೂ ಧಾರವಾಡದ ಎರೆಭೂಮಿಗೂ ಹೀಗೊಂದು ನಂಟಿದ್ದಿತು. ಆ ನಂಟು ಆಕೆಯ ಕಥನದೊಳಕ್ಕೆ ಬರಲಿಲ್ಲ. ನೆರೆಯವರ ಮಾತಿಗೆ ಅಷ್ಟು ಎಚ್ಚರದಿಂದ ಕಿವಿಗೊಟ್ಟ ಲೇಖಕಿಯ ಬಗೆಗೂ ಈ ಮಾತನ್ನು ಹೇಳಬೇಕಾಗುತ್ತದೆ.

೮

ಗ್ಯಾಸ್ಕೆಲ್ ೧೮೬೫ರ ನವೆಂಬರ್ ೧೨ರಂದು ಹಠಾತ್ತನೆ ತೀರಿಕೊಂಡಳು. ಆಗ ಆಕೆ ಇದ್ದುದು, ತನ್ನ ಬರಹದ ಸಂಪಾದನೆಯಿಂದ ಗಂಡನಿಗೆ ತಿಳಿಸದೆ ಕೊಂಡಿದ್ದ ಹ್ಯಾಂಪ್‌ಷೈರಿನ ಮನೆಯಲ್ಲಿ. ವಿವಾಹಿತ ಸ್ತ್ರೀಯರ ಆಸ್ತಿಯ ಹಕ್ಕಿಗಾಗಿ ೧೮೫೬ರಲ್ಲಿ ಸಲ್ಲಿಸಿದ ಮನವಿಗೆ ಆಕೆಯೂ ಸಹಿ ಹಾಕಿದ್ದಳು. ಆ ಹಕ್ಕನ್ನು ಪೂರ್ಣವಾಗಿ ಕೊಟ್ಟ ಶಾಸನ ಬಂದದ್ದು ೧೮೮೨ರಲ್ಲಿ. ಮುಂದೆ ಬಹುಕಾಲ ಆಕೆ 'ಮಿಸೆಸ್ ಗ್ಯಾಸ್ಕೆಲ್' ಎಂಬ ಹೆಸರಿನಲ್ಲಿ, 'ಕ್ರ್ಯಾನ್‌ಫರ್ಡ್' ಕಾದಂಬರಿಯ ಮೃದುಹೃದಯದ ಲೇಖಕಿಯಾಗಿ ಮಾತ್ರ ಉಳಿದಳು. ೧೯೫೦ರ ದಶಕದಲ್ಲಿ ಕ್ಯಾಥ್ಲೀನ್ ಟಿಲಟ್‌ಸನ್, ರೇಮಂಡ್ ವಿಲಿಯಮ್ಸ್ ಮೊದಲಾದವರ ಅಧ್ಯಯನಗಳಿಂದಲೂ, ಆನಂತರದ ಸ್ತ್ರೀವಾದಿ ವಿಮರ್ಶೆಯಿಂದಲೂ ಆಕೆಯ ಸಾಮಾಜಿಕ ಕಾದಂಬರಿಗಳು ಮತ್ತೆ ಮುನ್ನೆಲೆಗೆ ಬಂದವು. ೨೦೧೦ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಕವಿಗಳ ಮೂಲೆಯಲ್ಲಿ ಆಕೆಯ ಹೆಸರನ್ನು ಸೇರಿಸಲಾಯಿತು. ಆಕೆಯ ಮ್ಯಾಂಚೆಸ್ಟರಿನ ಮನೆ ೨೦೧೪ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಒಟ್ಟಿನಲ್ಲಿ ಹೇಳುವುದಾದರೆ, ಗ್ಯಾಸ್ಕೆಲ್‌ಳ ಕೃತಿಗಳಲ್ಲಿ ಕ್ಷಮೆ, ವಲಸೆ, ಸಾವು, ವಿವಾಹ ಇವೇ ಕಥೆಗೆ ಮುಕ್ತಾಯ ಹಾಡುತ್ತವೆ. ಇವುಗಳಲ್ಲಿ ಯಾವುದೂ ಗಿರಣಿಯೊಳಗಿನ ಧೂಳನ್ನು ಹೊರಕ್ಕೆ ಸೆಳೆಯಲಾರದು. ಅನುಕಂಪದಿಂದ ಎಷ್ಟು ಸಾಧ್ಯ, ಎಲ್ಲಿಂದ ಮುಂದೆ ಕಾನೂನು, ಸಂಘಟನೆ, ಹಕ್ಕುಗಳು ಬೇಕಾಗುತ್ತವೆ ಎಂಬ ಪ್ರಶ್ನೆಗೆ ಆಕೆಯ ಬಳಿ ಸಿದ್ಧ ಉತ್ತರವಿರಲಿಲ್ಲ. ಆದರೆ ಉತ್ತರವಿಲ್ಲವೆಂಬ ಕಾರಣಕ್ಕೆ ತಾನು ಕಂಡದ್ದನ್ನು ಆಕೆ ಕಿರಿದುಗೊಳಿಸಲಿಲ್ಲ. ಚಕ್ರದ ಬೆಲೆ ಐದಾರು ನೂರು ಪೌಂಡ್ ಎಂಬುದನ್ನು ಸಾಯುತ್ತಿರುವ ಹುಡುಗಿಯ ಬಾಯಿಂದಲೇ ಹೇಳಿಸಿ, ಆ ಬೆಲೆಯನ್ನು ತೆರಬಲ್ಲವರು ಓದುವಂತೆ ಮಾಡಿದಳು. ಸಾಮಾಜಿಕ ಕಾದಂಬರಿಯಿಂದ ನಾವು ನಿರೀಕ್ಷಿಸಬಹುದಾದ ಮೊದಲ ಕರ್ತವ್ಯ ಇದೇ ಆಗಿದೆ.